ಮುಖಕ್ಕೆ ಹಚ್ಚದ ಅರಿಷಿಣ

ನಮ್ಮ ಮನೆಯಲ್ಲಿ ಆ ಕ್ರೀಮನ್ನು ಯಾರೂ ಅದರ ಹೆಸರಿನಿಂದ ಕರೆಯುತ್ತಿರಲಿಲ್ಲ. "ಕಾಕುನ ಕ್ರೀಮು" ಎಂದರೆ ಸಾಕಾಗುತ್ತಿತ್ತು. ಕಮರಿಪೇಟೆಯ ಈ ಮನೆಯಲ್ಲಿ ಅಪ್ಪನ ಸಂಸಾರ, ಕಾಕಾನ ಸಂಸಾರ ಎರಡೂ ಒಂದೇ ಅಡುಗೆಮನೆಯಲ್ಲಿ ಉಣ್ಣುತ್ತವೆ. ಕಾಕಾನ ಹೆಂಡತಿ, ನಮ್ಮ ಕಾಕು. ಎರಡನೆಯ ಹೆರಿಗೆಯಾದ ಮೇಲೆ ಅವಳ ಕೆನ್ನೆಗಳಿಗೆ ಬಂಗು ಬಂದಿತ್ತು. ಆಗ ಯಾರೋ ಡಾಕ್ಟರು ಒಂದು ಟ್ಯೂಬು ಬರೆದುಕೊಟ್ಟು, ಸ್ವಲ್ಪ ದಿನ ಹಚ್ಚಿ ಮತ್ತೆ ಬಂದು ತೋರಿಸಿ ಎಂದಿದ್ದರಂತೆ. ಕಾಕು ತೋರಿಸಲು ಹೋಗಲಿಲ್ಲ. ಚೀಟಿ ಕಳೆದುಹೋಯಿತು, ಟ್ಯೂಬಿನ ರಟ್ಟಿನ ಡಬ್ಬಿ ಉಳಿಯಿತು. ಡಬ್ಬಿಯ ಮೇಲೆ ಹೆಸರಿರುವ ಬದಿಯನ್ನು ಹರಿದು ಪರ್ಸಿನಲ್ಲಿ ಇಟ್ಟುಕೊಂಡು, ಟ್ಯೂಬು ಮುಗಿದಾಗಲೆಲ್ಲ ಔಷಧದ ಅಂಗಡಿಯಲ್ಲಿ ಅದನ್ನೇ ತೋರಿಸಿ ಹೊಸದು ತರುತ್ತಿದ್ದಳು. ಅಂಗಡಿಯವರು ಏನೂ ಕೇಳುತ್ತಿರಲಿಲ್ಲ. ಹೊಸ ಡಬ್ಬಿ ಬಂದರೆ ಹಳೆಯ ತುಣುಕನ್ನು ಎಸೆದು ಹೊಸದನ್ನು ಹರಿದಿಟ್ಟುಕೊಳ್ಳುವುದು. ಹೀಗೆ ಹತ್ತು ವರ್ಷ ಕಳೆದಿತ್ತು.

ಮನೆಯಲ್ಲಿ ಕಪ್ಪಗಿರುವವಳು ನಾನೊಬ್ಬಳೇ. ಬೀಗರು ಬಿಜ್ಜರು ಬಂದಾಗ ಚಹಾದ ಟ್ರೇ ಹಿಡಿದು ಹೊರಗೆ ಬಂದರೆ, "ಈಕಿ ಯಾರ ಮ್ಯಾಲೆ ಹೋಗ್ಯಾಳ?" ಎಂಬ ಮಾತು ತಪ್ಪುತ್ತಿರಲಿಲ್ಲ. ಅವ್ವ "ನಮ್ಮ ತವರುಮನಿ ಕಡೆ ಹಿಂಗ ಇದ್ರು" ಎಂದು ಅಪರಾಧ ಒಪ್ಪಿಕೊಂಡವಳಂತೆ ಹೇಳುತ್ತಿದ್ದಳು. ಆ ಮಾತು ರೂಢಿಯಾಗಿತ್ತು. ಆದರೆ ಪಿಯುಸಿಯಲ್ಲಿ ಎದ್ದ ಮೊಡವೆಗಳು ಡಿಗ್ರಿ ಮುಗಿಯುವಷ್ಟರಲ್ಲಿ ಹೋಗಿ, ಅವು ಇದ್ದ ಜಾಗದಲ್ಲೆಲ್ಲ ಕಪ್ಪು ಕಲೆ ಉಳಿದವು. ಅದು ರೂಢಿಯಾಗಲಿಲ್ಲ. ನಾನು ಕೆಲಸ ಮಾಡುವುದು ಚಶ್ಮಾದ ಅಂಗಡಿಯಲ್ಲಿ. ಗೋಡೆಗೆ ಕನ್ನಡಿ, ಕೌಂಟರಿನ ಮೇಲೆ ಕನ್ನಡಿ, ಗಿರಾಕಿಯ ಕೈಗೊಂದು ಕನ್ನಡಿ. ಫ್ರೇಮು ಕೂಡಿಸುವಾಗ ಗಿರಾಕಿಯ ಮುಖಕ್ಕೂ ನನ್ನ ಮುಖಕ್ಕೂ ನಡುವೆ ಒಂದು ಗೇಣು. ಬೇರೆಯವರು ನಮ್ಮನ್ನು ಅಷ್ಟು ಹತ್ತಿರದಿಂದ ನೋಡುವಂಥ ಕೆಲಸಗಳು ಹೆಚ್ಚಿಲ್ಲ.

ನನಗೆ ದಿನಚರಿ ಬರೆಯುವ ಚಾಳಿ ಇದೆ. ಗ್ಯಾಸ್ ಯಾವ ದಿನ ಬಂತು, ಅಂಗಡಿಯಲ್ಲಿ ಯಾವ ಫ್ರೇಮು ಎಷ್ಟು ಹೋಯಿತು, ನಳದ ನೀರು ಎಷ್ಟು ದಿನ ಬಿಟ್ಟು ಬಂತು, ಎಲ್ಲ ಬರೆಯುತ್ತೇನೆ. ಆ ವರ್ಷದ ದೀಪಾವಳಿ ಮುಗಿದ ಸೋಮವಾರ ಕಲೆಗಳನ್ನೂ ಎಣಿಸಿ ಬರೆದೆ: ಎಡಗೆನ್ನೆ ಹನ್ನೊಂದು, ಬಲಗೆನ್ನೆ ಏಳು, ಗದ್ದ ಮೂರು. ಅಂದಿನಿಂದ ದಿನವೂ ಮುಂಜಾನೆ ಮಹಡಿಯ ಕಿಟಕಿಯ ಹತ್ತಿರ ಒಂದೇ ಜಾಗದಲ್ಲಿ ನಿಂತು ಎಡ, ಬಲ, ಮುಂದೆ ಎಂದು ಮೂರು ಫೋಟೊ ತೆಗೆದುಕೊಳ್ಳತೊಡಗಿದೆ. ಒಮ್ಮೆ ಅಣ್ಣ ನನ್ನ ಮೊಬೈಲು ಕೈಗೆತ್ತಿಕೊಂಡು, "ಇದೇನ ಮಾರಾಯ್ತಿ, ಗ್ಯಾಲರಿ ಅಲ್ಲ ಇದು, ಪೊಲೀಸ್ ಠಾಣೆ ಬೋರ್ಡು" ಎಂದು ನಕ್ಕ. ನಾನೂ ನಕ್ಕೆ. ಆಮೇಲೆ ಮೊಬೈಲಿಗೆ ಪಾಸ್‌ವರ್ಡ್ ಹಾಕಿದೆ.

ಕಾಕು ತಾನಾಗಿಯೇ ಟ್ಯೂಬು ಕೊಟ್ಟಳು. ಅವಳಿಗೆ ಹೆಣ್ಣುಮಕ್ಕಳಿಲ್ಲ, ನನ್ನ ತಲೆ ಬಾಚಿ ಬೆಳೆಸಿದವಳು ಅವಳೇ.

"ಬಟಾಣಿ ಕಾಳಿನಷ್ಟ ತಗೋ. ರಾತ್ರಿ ಹಚ್ಕೊಂಡು ಮಲಕ್ಕೋ. ಹದಿನೈದು ದಿನದಾಗ ನೀನ ಹೇಳ್ತಿ."

ಅವಳು ಹೇಳಿದ್ದು ಖರೇ ಆಯಿತು. ಕಲೆಗಳು ಮಾತ್ರವಲ್ಲ, ಇಡೀ ಮುಖ ತಿಳಿಯಾಯಿತು. ಅತ್ತಿ, ಅಂದರೆ ಅಪ್ಪನ ಅಕ್ಕ, ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡಲು ಬಂದವಳು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, "ಈಗ ನಮ್ಮ ಮನಿ ಹುಡುಗಿ ಅನಿಸ್ತೀ ನೋಡ" ಎಂದಳು. ಆ ಮಾತಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಖುಷಿಯಾಯಿತು, ಆ ಖುಷಿಯನ್ನು ದಿನಚರಿಯಲ್ಲಿ ಬರೆದೂ ಇಟ್ಟೆ. ಈಗ ಓದಿದರೆ ಮೈ ಹಿಡಿಯಾಗುತ್ತದೆ.

ಮೂರನೆಯ ಟ್ಯೂಬಿನ ಹೊತ್ತಿಗೆ ಕಾಕು ಡಬ್ಬಿಯ ತುಣುಕೊಂದನ್ನು ನನ್ನ ಪರ್ಸಿನಲ್ಲೂ ಇಟ್ಟಿದ್ದಳು. ಶಿವರಾತ್ರಿಯ ಹಿಂದುಮುಂದು ಧಾರವಾಡದ ಗೆಳತಿಯ ಮನೆಗೆ ಹೋಗಿ ಎರಡು ದಿನ ಉಳಿದೆ. ಟ್ಯೂಬು ಮರೆತಿದ್ದೆ. ಎರಡನೆಯ ದಿನ ಮುಖ ತೊಳೆಯಲು ನೀರು ಹಾಕಿದರೆ ಮೆಣಸಿನಪುಡಿ ಎರಚಿದ ಹಾಗೆ ಉರಿಯಿತು. ಕೆನ್ನೆ ಕೆಂಪಾಗಿ, ಸಣ್ಣ ಸಣ್ಣ ಗುಳ್ಳೆ ಎದ್ದವು. ಮನೆಗೆ ಬಂದು ಮತ್ತೆ ಹಚ್ಚಿಕೊಂಡೆ, ಒಂದೇ ರಾತ್ರಿಯಲ್ಲಿ ತಣ್ಣಗಾಯಿತು. ಹಾಗಾದರೆ ಕ್ರೀಮು ಒಳ್ಳೆಯದೇ ಎಂದುಕೊಂಡೆ. ಬಿಟ್ಟಿದ್ದೇ ತಪ್ಪು ಎಂದುಕೊಂಡೆ. ಎಲ್ಲವನ್ನೂ ಎಣಿಸಿ ಬರೆಯುವವಳಿಗೆ ಇಷ್ಟು ಲೆಕ್ಕ ಹತ್ತಲಿಲ್ಲ. ಯುಗಾದಿಯ ಹೊತ್ತಿಗೆ ಹಚ್ಚಿದರೂ ಉರಿ, ಬಿಟ್ಟರೂ ಉರಿ. ಬಿಸಿಲಿಗೆ ಹೋದರೆ ಮುಖದ ತುಂಬ ಕೆಂಪು. ಕಿವಿಯ ಮುಂದೆ, ಕೆನ್ನೆಯ ಮೇಲೆ ನವಿರಾದ ಕೂದಲು. ಹಳೆಯ ಕಲೆಗಳು ಮೊದಲಿಗಿಂತ ಕಪ್ಪಾಗಿ ತಿರುಗಿ ಬಂದವು, ಒಂದಕ್ಕೊಂದು ಕೂಡಿಕೊಂಡು ಎಣಿಸಲು ಬರದಂತಾದವು.

ಅಂಗಡಿಗೆ ಒಬ್ಬ ಮುದುಕರು ಓದುವ ಚಶ್ಮಾಕ್ಕೆ ಬಂದಿದ್ದರು. ಫ್ರೇಮು ಕೂಡಿಸಿ, ಮೂಗಿನ ಮೇಲೆ ಸರಿಯಾಗಿದೆಯೇ ಎಂದು ಬಾಗಿ ನೋಡುತ್ತಿದ್ದೆ. ಹೊಸ ಗಾಜಿನಿಂದ ಅವರು ಮೊದಲು ನೋಡಿದ್ದು ನನ್ನನ್ನು.

"ಯವ್ವಾ, ಮಾರಿಗೆ ಬಿಸಿ ಎಣ್ಣಿ ಸಿಡೀತೇನ?"

ಕುಚೋದ್ಯವಲ್ಲ, ಮರುಕದಿಂದಲೇ ಕೇಳಿದ್ದು. "ಹೌದ್ರಿ ಅಜ್ಜಾರ, ಬಜಿ ಕರಿಯಾಕ ಹೋಗಿದ್ದೆ" ಎಂದೆ. ಮಾಲಕರು ಗಲ್ಲಾದ ಮೇಲಿಂದ ಎಲ್ಲ ನೋಡುತ್ತಿದ್ದರು. ಸಂಜೆ ನನ್ನನ್ನು ಕರೆದು, "ಸ್ವಲ್ಪ ದಿನ ಹಿಂದ ಕುಂತು ಬಿಲ್ಲು ನೋಡ್ಕೋ ತಂಗೀ, ಆರಾಮ ಆದ ಮ್ಯಾಲೆ ಮುಂದ ಬರಾಕಂತಿ" ಎಂದರು. ಕೆಲಸದಿಂದ ತೆಗೆದಿರಲಿಲ್ಲ, ಪಗಾರ ಕಡಿಮೆ ಮಾಡಿರಲಿಲ್ಲ. ಆದರೂ ಪರದೆಯ ಹಿಂದೆ ಕುಳಿತು ಮುಂದಿನ ಮಾತು ಕೇಳಿಸಿಕೊಳ್ಳುವಾಗ, ಮುರಿದ ಫ್ರೇಮುಗಳನ್ನು ಇಡುವ ಡ್ರಾದಲ್ಲಿ ನನ್ನನ್ನೂ ಇಟ್ಟ ಹಾಗೆ ಅನಿಸಿತು.

ಮುಂದಿನ ಮಂಗಳವಾರ, ಅಂಗಡಿಗೆ ವಾರದ ಸೂಟಿಯ ದಿನ, ಯಾರಿಗೂ ಹೇಳದೆ, ಸ್ಕೂಟಿ ಮನೆಯಲ್ಲೇ ಬಿಟ್ಟು, ಧಾರವಾಡದ ದಾರಿಯಲ್ಲಿರುವ ಸತ್ತೂರಿನ ಆಸ್ಪತ್ರೆಗೆ ಬಸ್ಸಿನಲ್ಲಿ ಹೋದೆ. ಚರ್ಮದ ವಿಭಾಗದಲ್ಲಿ ಪಾಳಿ ಉದ್ದವಿತ್ತು. ನನ್ನ ಹಾಗೆ ಸ್ಕಾರ್ಫು ಕಟ್ಟಿಕೊಂಡು ಕಣ್ಣಷ್ಟೇ ಬಿಟ್ಟವರು ಇನ್ನೂ ನಾಲ್ಕೈದು ಮಂದಿ ಇದ್ದರು. ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಒಳಗೆ ಇದ್ದವರು ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡ ಡಾಕ್ಟರಮ್ಮ, ನನ್ನಷ್ಟೇ ಕಪ್ಪು.

"ಸ್ಕಾರ್ಫ್ ತಗೀರಿ. ಏನ್ ಹಚ್ಚೀರಿ ಇದಕ್ಕ?"

"ಏನೂ ಇಲ್ರಿ. ಕಡ್ಲಿಹಿಟ್ಟು ಅಷ್ಟ."

ಅವರು ದೀಪ ಹತ್ತಿರ ತಂದು ಕೆನ್ನೆ ನೋಡಿದರು, ಬೆರಳಿನಿಂದ ಮೆಲ್ಲಗೆ ಮುಟ್ಟಿದರು.

"ಕಡ್ಲಿಹಿಟ್ಟಿಗೆ ಕೂದಲಾ ಬರೂದಿಲ್ಲವ್ವಾ. ಪರ್ಸಿನ್ಯಾಗ ಡಬ್ಬಿ ತುಣುಕು ಇರಬೇಕಲ್ಲ? ತೋರಸ್ರಿ. ಮುಂಜಾನಿಂದ ನೀವು ಮೂರನೇದವ್ರು."

ಪರ್ಸು ತೆಗೆದು ತುಣುಕನ್ನು ಮೇಜಿನ ಮೇಲೆ ಇಟ್ಟೆ. ಸುಳ್ಳು ಸಿಕ್ಕಿಬಿದ್ದದ್ದಕ್ಕೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ನಾಚಿಕೆಯಾದದ್ದು ಬೇರೆ: ಕಪ್ಪಗಿರುವ ಡಾಕ್ಟರ ಎದುರಿಗೆ ಬೆಳ್ಳಗಾಗಲು ಹೊರಟವಳಾಗಿ ಕುಳಿತಿದ್ದೆ. ಅವರು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ಅದರಲ್ಲಿ ಸ್ಟಿರಾಯ್ಡು ಇದೆ, ಡಾಕ್ಟರ ಕಣ್ಗಾವಲಿನಲ್ಲಿ ಸ್ವಲ್ಪ ದಿನ ಹಚ್ಚುವ ಔಷಧ ಅದು ಎಂದು ಅವರು ಬಿಡಿಸಿ ಹೇಳಿದರು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಆಮೇಲೆ ಬಿಟ್ಟರೆ ಹೊತ್ತಿ ಉರಿಯುತ್ತದೆ, ಉರಿಯನ್ನು ತಡೆಯಲಾರದೆ ಜನ ಮತ್ತೆ ಅದನ್ನೇ ಹಚ್ಚುತ್ತಾರೆ.

"ನಮ್ಮ ಬಣ್ಣದ ಚರ್ಮಕ್ಕ ಎಲ್ಲೆಲ್ಲಿ ಉರಿ ಆಗ್ತದ ಅಲ್ಲೆಲ್ಲಾ ಕಪ್ಪು ಉಳೀತದ. ಅದಕ್ಕ ತಿಕ್ಕೂದು ಬ್ಯಾಡ, ನಿಂಬಿಹಣ್ಣು ಬ್ಯಾಡ, ಪಾರ್ಲರಿನ ಬ್ಲೀಚು ಬ್ಯಾಡ. ಮೊದಲ ಉರಿ ಆರಬೇಕು. ಕಲೆ ಆಮ್ಯಾಲೆ ನೋಡೂಣು."

"ಕಲೆ ಹೋಗ್ತಾವೇನ್ರಿ?"

"ಬಾಳಷ್ಟು ಹೋಗ್ತಾವ, ತಿಂಗಳ ಹಿಡೀತದ. ಬಣ್ಣ ಹೋಗೂದಿಲ್ಲ. ಬಣ್ಣ ಏನ್ ಬ್ಯಾನಿ ಅಲ್ಲಲಾ."

ಟ್ಯೂಬು ಪೂರ್ತಿ ಬಂದ್. ಉರಿಗೆ ಒಂದು ಗುಳಿಗೆ, ಸ್ಟಿರಾಯ್ಡಿಲ್ಲದ ಒಂದು ಮುಲಾಮು, ಮೆತ್ತನೆಯ ಫೇಸ್‌ವಾಶ್, ತೇವಕ್ಕೆ ಒಂದು ಕ್ರೀಮು. ಬಿಸಿಲಿಗೆ ಸನ್‌ಸ್ಕ್ರೀನು, ಮನೆಯಿಂದ ಹೊರಡುವ ಮೊದಲು ಒಮ್ಮೆ, ಮಧ್ಯಾಹ್ನ ಮತ್ತೊಮ್ಮೆ. ಅದನ್ನು ಹಿಂದೆ ಹಚ್ಚಿ ನೋಡಿದ್ದೆ, ಮುಖಕ್ಕೆ ವಿಭೂತಿ ಬಳಿದುಕೊಂಡಂತೆ ಕಾಣುತ್ತದೆ ಎಂದೆ. ಚರ್ಮದ ಬಣ್ಣ ಬೆರೆಸಿದ್ದು ಬರುತ್ತದೆ, ನಮ್ಮಂಥವರ ಕಲೆಗೆ ಅದೇ ಹೆಚ್ಚು ಒಳ್ಳೆಯದು ಎಂದು ಬರೆದುಕೊಟ್ಟರು. ನಾನು ಫೋಟೊಗಳನ್ನು ತೋರಿಸಿದೆ. ನೋಡಿ, "ದಿನಾ ತಗೀಬ್ಯಾಡ್ರಿ, ಜೀವಾ ತಿಂತಾವ. ತಿಂಗಳಿಗೊಮ್ಮೆ ಸಾಕು" ಎಂದರು.

ಏಳುವ ಮೊದಲು ಕೇಳಬೇಕಾದದ್ದನ್ನು ಕೇಳಿದೆ. ಅಣ್ಣನ ಮದುವೆ ಗೊತ್ತಾಗಿತ್ತು, ಮೇ ತಿಂಗಳ ಕೊನೆಗೆ. ಅಷ್ಟರೊಳಗೆ ಮುಖ ನೆಟ್ಟಗಾಗುತ್ತದೆಯೇ?

"ಇಲ್ಲ. ಅವಾಗ ಇನ್ನೂ ಕೆಟ್ಟ ಕಾಣಬಹುದು. ಮದುವಿಗಂತ ಟ್ಯೂಬು ಮತ್ತ ಮುಟ್ಟಿದ್ರ ಮೊದಲಿಂದ ಸುರು. ಮತ್ತ ಅರಿಷಿಣಾ ಹಚ್ಚಾಕ ಬರ್ತಾರ. ಮಾರಿಗೆ ಹಚ್ಚಿಸ್ಕೋಬ್ಯಾಡ್ರಿ."

ಬಸ್ಸಿನಲ್ಲಿ ಹಿಂದಕ್ಕೆ ಬರುವಾಗ ನನ್ನ ತಲೆಯಲ್ಲಿ ಕೊನೆಯ ಮಾತೇ ಕುಳಿತಿತ್ತು. ನಮ್ಮಲ್ಲಿ ಮದುವೆಯ ಹಿಂದಿನ ದಿನ ಸುರಗಿ. ಅಂಗಳದಲ್ಲಿ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು ದಾರ ಸುತ್ತಿ, ನಡುವೆ ಮಣೆ ಹಾಕಿ ಮದುಮಗನನ್ನು ಕೂಡಿಸಿ ಎಣ್ಣೆ ಅರಿಷಿಣ ಹಚ್ಚಿ ನೀರು ಹಾಕುತ್ತಾರೆ. ಅವನ ಪಕ್ಕದ ಮಣೆ ತಂಗಿಯದು, ಅಂದರೆ ನನ್ನದು. ಐದು ಮಂದಿ ಮುತ್ತೈದೆಯರು ಹಚ್ಚುತ್ತಾರೆ. ನಮ್ಮ ಮನೆಯಲ್ಲಿ ಮೊದಲ ಕೈ ಯಾವಾಗಲೂ ಕಾಕುನದು.

ಮನೆಯಲ್ಲಿ ಅವ್ವನಿಗೆ ಮಾತ್ರ ಹೇಳಿದೆ. ಕಾಕುಗೆ ಹೇಳುವ ಧೈರ್ಯವಾಗಲಿಲ್ಲ. ಉರಿಯ ದಿನಗಳು ಸುರುವಾದವು. ಒದ್ದೆ ಬಟ್ಟೆ ಮುಖದ ಮೇಲೆ ಹಾಕಿಕೊಂಡು ಮಲಗುತ್ತಿದ್ದೆ. ಮುಖ ಬೆಂದ ಬದನೆಕಾಯಿಯ ಹಾಗಿತ್ತು. ಮದುವೆಯ ಸೀರೆ ತರಲು ಹೋದಾಗ ಅಂಗಡಿಯ ಹುಡುಗಿ ಸೆರಗು ನನ್ನ ಹೆಗಲ ಮೇಲೆ ಹಾಕಿ, ಮುಖ ನೋಡಿ, ಸುಮ್ಮನೆ ಬೇರೆ ಬಣ್ಣ ತೆಗೆದಳು. ಅವತ್ತು ಮನೆಗೆ ಬಂದ ಮೇಲೆ ಅವ್ವ ಬಾಗಿಲು ಮುಂದೆ ಮಾಡಿ ಹೇಳಿದಳು:

"ಮದುವಿ ಮುಗಿಯೂ ಮಟಾ ಹಚ್ಕೊಂಡು ಬಿಡ. ಫೋಟೊ, ವಿಡಿಯೊ ಕಾಯಂ ಇರ್ತಾವ. ನಾಳೆ ನಿನ್ನ ನೋಡಾಕ ಬರೂ ಮಂದಿನೂ ಅಲ್ಲೇ ಬಂದಿರ್ತಾರ. ಆಮ್ಯಾಲೆ ಬಿಡಾಕಂತಿ, ಯಾರ್ ಬ್ಯಾಡಂತಾರ?"

"ಅವ್ವಾ, ಮೊದಲಿಂದ ಸುರು ಆಗ್ತದ ಅಂದಾರ."

"ಅವರಿಗೇನು, ಸತ್ತೂರಾಗ ಕುಂತು ಹೇಳ್ತಾರ. ಮಂದಿ ಬಾಯಾಗ ಬೀಳಾವ್ರು ನಾವು."

ಅವ್ವ ಹೋದ ಮೇಲೆ ಟ್ಯೂಬು ಹೊರಗೆ ತೆಗೆದೆ. ಎಸೆದಿರಲಿಲ್ಲ. ಮುಚ್ಚಳ ಬಿಚ್ಚಿ ಬಟಾಣಿ ಕಾಳಿನಷ್ಟು ಬೆರಳಿಗೆ ಹಾಕಿಕೊಂಡೆ. ತಡೆದದ್ದು ಧೈರ್ಯವಲ್ಲ. ಉರಿಯಲ್ಲಿ ಕಳೆದ ಇಷ್ಟು ದಿನ ಲೆಕ್ಕಕ್ಕಿಲ್ಲದೆ ಹೋಗುತ್ತವಲ್ಲ ಎಂಬ ಜಿಪುಣತನ. ಬೆರಳನ್ನು ಹಳೆಯ ಬಟ್ಟೆಗೆ ಒರೆಸಿ, ಟ್ಯೂಬನ್ನು ಉಳಿದ ಕ್ರೀಮಿನ ಸಮೇತ ಕಸದ ಗಾಡಿಗೆ ನಾನೇ ಹಾಕಿ ಬಂದೆ.

ಸುರಗಿಯ ಮುಂಜಾನೆ ಅಂಗಳ ತುಂಬಿತ್ತು. ಅಣ್ಣ ಬನಿಯನ್ನಿನಲ್ಲಿ ಮಣೆಯ ಮೇಲೆ ಕುಳಿತು, "ಲಗೂ ಮುಗಸ್ರಿ, ಎಣ್ಣಿ ಕಣ್ಣಾಗ ಇಳ್ಯಾಕತ್ತೇತಿ" ಎನ್ನುತ್ತಿದ್ದ. ವಿಡಿಯೊದ ಹುಡುಗ ಸ್ಟೂಲಿನ ಮೇಲೆ ಹತ್ತಿ ನಿಂತಿದ್ದ. ಎಲ್ಲರ ಹಣೆಯಲ್ಲಿ ವಿಭೂತಿ, ಎಲ್ಲರ ಕೈಯಲ್ಲಿ ಅರಿಷಿಣ. ಕಾಕು ಅಣ್ಣನಿಗೆ ಹಚ್ಚಿ ನನ್ನ ಕಡೆ ತಿರುಗಿದಳು.

"ಮಾರಿ ಎತ್ತ."

"ಕಾಕು, ಮಾರಿಗೆ ಬ್ಯಾಡ. ಕೈಗೆ ಹಚ್ಚ, ಕಾಲಿಗೆ ಹಚ್ಚ."

ಅತ್ತಿ ಹಿಂದಿನಿಂದ ಕೇಳಿಸಿಕೊಂಡಳು. "ಏನಂತ ಈಕಿದು? ಸುರಗ್ಯಾಗ ಕುಂತು ಅರಿಷಿಣಾ ಒಲ್ಲೆ ಅಂತಾಳ! ಮೇಕಪ್ಪು ಕೆಡ್ತೈತೇನ?"

ಹೆಂಗಸರು ನಕ್ಕರು. ಯಾರೋ, "ಈಗಿನ ಹುಡುಗ್ಯಾರಿಗೆ ಅರಿಷಿಣಾನೂ ಆನ್‌ಲೈನ್ ಬರಬೇಕು" ಎಂದರು. ಮತ್ತೆ ನಗು.

"ಡಾಕ್ಟರು ಬ್ಯಾಡಂದಾರ ಅತ್ತಿ."

"ಯಾವ ಡಾಕ್ಟರು? ಏನಾಗೈತಿ ನಿನಗ? ನೋಡೂಣು, ಇತ್ತ ತಿರಗ." ಅತ್ತಿ ಬಂದು ಗದ್ದ ಹಿಡಿದಳು. ಸಂಕ್ರಾಂತಿಯಲ್ಲಿ ಬೆಳಕಿಗೆ ತಿರುಗಿಸಿದ ಹಾಗೆಯೇ ತಿರುಗಿಸಿದಳು. "ಅಯ್ಯ ಶಿವನ! ಅವಾಗ ಎಷ್ಟ ಛಲೋ ಆಗಿದ್ದಿ, ಏನ್ ಮಾಡ್ಕೊಂಡಿ ಇದನ್ನ?"

ಕ್ಯಾಮರಾ ನನ್ನ ಕಡೆಗೇ ಇತ್ತು. ಕಾಕುನ ಕೈ, ಅರಿಷಿಣ ತುಂಬಿದ ನಾಲ್ಕು ಬೆರಳು, ನನ್ನ ಕೆನ್ನೆಯ ಹತ್ತಿರವೇ ನಿಂತಿತ್ತು. ಕ್ರೀಮು ಯಾರದೆಂದು ಒಂದು ಮಾತು ಹೇಳಿದರೆ ಸಾಕಿತ್ತು, ಇಪ್ಪತ್ತು ಹೆಂಗಸರ ಮುಂದೆ ತಪ್ಪು ಅವಳ ತಲೆಗೆ ಬರುತ್ತಿತ್ತು. ನಾಚಿಕೆ ನನ್ನೊಬ್ಬಳದೇ ಯಾಕೆ ಎಂದು ಒಂದು ಗಳಿಗೆ ಅನಿಸಿದ್ದೂ ನಿಜ. ಕಾಕು ನನ್ನ ಕಣ್ಣನ್ನೇ ನೋಡುತ್ತಿದ್ದಳು.

"ಸುಮ್ನ ಒಂದ್ ಕ್ರೀಮ್ ಹಚ್ಕೊಂಡಿದ್ದೆ, ಬೆಳ್ಳಗಾಗಾಕ. ಚರ್ಮ ಸುಟ್ಟೈತಿ" ಎಂದೆ. ಎಲ್ಲರಿಗೂ ಕೇಳುವಂತೆ, ಅಣ್ಣನಿಗೂ ಕ್ಯಾಮರಾಕ್ಕೂ ಕೇಳುವಂತೆ. ಬೆಳ್ಳಗಾಗಾಕ ಎಂಬ ಪದ ಬಾಯಿಂದ ಬಂದಾಗ ಕಿವಿಯ ತುದಿಯವರೆಗೂ ಬಿಸಿಯಾಯಿತು. ಮಣೆಯ ಮೇಲೆ ಕುಳಿತವಳಿಗೆ ಎದ್ದು ಓಡುವ ಹಾಗೂ ಇಲ್ಲ, ಸುತ್ತ ದಾರ.

ಕಾಕು ತಲೆ ತಗ್ಗಿಸಿದಳು. ನನ್ನ ಎರಡೂ ಪಾದ ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಹಿಮ್ಮಡಿಯಿಂದ ಬೆರಳ ಸಂದಿಯವರೆಗೆ ಅರಿಷಿಣ ಹಚ್ಚಿದಳು. ಅತ್ತಿ ಇನ್ನೇನೋ ಹೇಳಲು ಹೋದಾಗ, "ಕಾಲಿಗೆ ಹಚ್ಚಿದ್ರೂ ಅರಿಷಿಣ ಅರಿಷಿಣನ ಅಕ್ಕಾರ, ಸಾಕು ಬಿಡ್ರಿ" ಎಂದಳು. ಉಳಿದ ನಾಲ್ವರೂ ಕಾಲಿಗೇ ಹಚ್ಚಿದರು. ನೀರು ಹಾಕುವಾಗ ಮಾತ್ರ ಮುಖ ಉರಿಯಿತು, ಅದನ್ನು ಯಾರಿಗೂ ತೋರಿಸಲಿಲ್ಲ.

ಮದುವೆಯ ದಿನ ಆ ಬಣ್ಣ ಬೆರೆಸಿದ ಸನ್‌ಸ್ಕ್ರೀನಿನ ಮೇಲೆ ಏನೂ ಹಚ್ಚಲಿಲ್ಲ. ಬಂದವರಲ್ಲಿ ಎಷ್ಟು ಮಂದಿ ಕೇಳಿದರೆಂದು ಎಣಿಸಲಿಲ್ಲ. ಎಣಿಸಬಾರದೆಂದು ನಿರ್ಧಾರ ಮಾಡಿದ್ದೆ. ಆದರೂ ಊಟದ ಪಂಕ್ತಿಯಲ್ಲಿ ಹೆಂಗಸರ ಸಾಲು ಬಿಟ್ಟು ಬಡಿಸುವವರ ಜೊತೆ ಸೇರಿಕೊಂಡೆ. ಬಡಿಸುವವರ ಮುಖವನ್ನು ಯಾರೂ ನೋಡುವುದಿಲ್ಲ, ಹೋಳಿಗೆ ನೋಡುತ್ತಾರೆ.

ಮಳೆಗಾಲ ಸುರುವಾಗುವ ಹೊತ್ತಿಗೆ ಉರಿ ಆರಿತು. ಡಾಕ್ಟರಮ್ಮ ಕಲೆಗೆ ಬೇರೆ ಕ್ರೀಮು ಕೊಟ್ಟರು. ಮೊದಲು ಕಿವಿಯ ಹಿಂದೆ ಹಚ್ಚಿ ನೋಡುವುದು, ಆಮೇಲೆ ವಾರಕ್ಕೆ ಎರಡು ರಾತ್ರಿ, ಚುರುಗುಟ್ಟಿದರೆ ನಿಲ್ಲಿಸಿ ಕೇಳುವುದು. ಮಳೆಗಾಲ ಮುಗಿಯುವಷ್ಟರಲ್ಲಿ ಕಲೆಗಳು ಬಿಡಿಬಿಡಿಯಾಗಿ, ಮತ್ತೆ ಎಣಿಸಲು ಬರುವಂತಾದವು. ಮಾಲಕರು ಮುಂದಿನ ಕೌಂಟರಿಗೆ ಕರೆದರು.

ಮದುವೆಯ ಆಲ್ಬಮು ಬಂದದ್ದು ಅದೇ ವಾರ. ಫೋಟೊದವನು ಯಾರೂ ಹೇಳದೆಯೇ ಎಲ್ಲರ ಮುಖವನ್ನೂ ತೊಳೆದು ಹಾಲಿನಲ್ಲಿ ಅದ್ದಿದಂತೆ ಮಾಡಿದ್ದ. ನನ್ನ ಮುಖದಲ್ಲಿ ಒಂದೂ ಕಲೆ ಇರಲಿಲ್ಲ. ಅವ್ವ ಕಣ್ಣು ಒರೆಸಿಕೊಂಡು, "ನೋಡ, ಎಷ್ಟ ಛಲೋ ಬಂದೀ" ಎಂದಳು. ಅದು ನಾನಲ್ಲ ಎಂದು ಗೊತ್ತಿದ್ದೂ ಆ ಪುಟವನ್ನು ನಾನು ಮತ್ತೆ ಮತ್ತೆ ತಿರುವಿ ನೋಡಿದೆ. ಇಷ್ಟೆಲ್ಲ ಆದ ಮೇಲೂ ಆ ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚು ಬಂತು. ಇದನ್ನು ಬರೆಯುವಾಗಲೂ ತಲೆ ತಗ್ಗುತ್ತದೆ.

ಅವ್ವ ಒಳಗೆ ಹೋದ ಮೇಲೆ ಕಾಕು ಬಂದು ಪಕ್ಕದಲ್ಲಿ ಕುಳಿತಳು. ತನ್ನ ಫೋಟೊ ಹುಡುಕಿ, ಬೆರಳಿನಿಂದ ಕೆನ್ನೆ ಮುಟ್ಟಿ ನೋಡಿದಳು.

"ನನ್ನ ಬಂಗು ಎಲ್ಲಿ ಹೋತ? ಹತ್ತು ವರ್ಷ ನಾ ಹಚ್ಚಿದ್ರೂ ಹೋಗಲಿಲ್ಲ, ಆ ಹುಡುಗ ಕುಂತಲ್ಲೇ ತಗದಾನ ನೋಡ."

ಇಬ್ಬರೂ ನಕ್ಕೆವು. ಸುರಗಿಯ ನಂತರ ಆ ವಿಷಯ ನಮ್ಮ ನಡುವೆ ಬಂದದ್ದು ಅದೇ ಮೊದಲು. ಕಾಕು ಆಲ್ಬಮು ಮುಚ್ಚಲಿಲ್ಲ.

"ಬಿಟ್ರ ನನಗೂ ನಿನ್ನಂಗ ಆಗ್ತೈತೇನ?"

"ಆಗಬಹುದು ಕಾಕು. ನೀ ಬಾಳ ವರ್ಷ ಹಚ್ಚೀ. ಒಮ್ಮೆಲೆ ನೀನ ಬಿಡಬ್ಯಾಡ, ಡಾಕ್ಟರಮ್ಮನ್ನ ಕೇಳೇ ಬಿಡಬೇಕು."

"ಹಂಗಾದ್ರ ನಾನೂ ಆ ಮಾರಿ ಇಟ್ಕೊಂಡು ಮಂದ್ಯಾಗ ಅಡ್ಡಾಡಬೇಕು."

"ಹೌದು. ಸ್ವಲ್ಪ ದಿನ."

ಸುಳ್ಳು ಸಮಾಧಾನ ಹೇಳಬಹುದಿತ್ತು. ಹೇಳಲಿಲ್ಲ. ಕಾಕು ಬಹಳ ಹೊತ್ತು ಪುಟ ತಿರುವುತ್ತ ಕುಳಿತಳು, ಬೀಗರ ಕಡೆಯವರ ಸೀರೆಗಳ ಬಗ್ಗೆ ಏನೇನೋ ಮಾತಾಡಿದಳು. ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, ನನ್ನ ಕಡೆ ನೋಡದೆ ಹೇಳಿದಳು:

"ಮಂಗಳವಾರ ಸ್ಕೂಟಿ ಬ್ಯಾಡ, ಬಸ್ಸಿಗೆ ಹೋಗೂಣು. ಸತ್ತೂರ ಮಟಾ ಬಾಳ ಬಿಸಲ."